ಐಸ್ ಬಾರದಿದ್ದರೆ ಮೊದಲು ನೀರಿನ ಒತ್ತಡ ನೋಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಾನಾಗಿಯೇ ಐಸ್ ತಯಾರಿಸುವ ಯಂತ್ರವಿರುವ ದೊಡ್ಡ ಫ್ರಿಜ್ಜುಗಳು ಹುಬ್ಬಳ್ಳಿ-ಧಾರವಾಡದ ಮಧ್ಯಮ ವರ್ಗದ ಮನೆಗಳಿಗೂ ಬಂದಿವೆ. ಅದರ ಜೊತೆಗೆ, ಏಪ್ರಿಲ್ ತಿಂಗಳ ಬಿಸಿಲು ಏರಿದ ಕೂಡಲೇ ಆ ಯಂತ್ರ ಕೈಕೊಟ್ಟಿತೆಂಬ ದೂರೂ ನೆರೆಹೊರೆಯಲ್ಲಿ ಕೇಳಿಬರುತ್ತಿದೆ. ಈ ದೂರುಗಳಲ್ಲಿ ಬಹಳಷ್ಟಕ್ಕೆ ಕಾರಣ ಯಂತ್ರದ ದೋಷವಲ್ಲ, ನಮ್ಮ ಮನೆಗಳ ನೀರಿನ ಒತ್ತಡ ಆ ಯಂತ್ರಕ್ಕೆ ಸಾಲದಿರುವುದು ಎಂಬುದು ನನ್ನ ಅನುಭವ. ಒತ್ತಡ ಅಳೆಯದೆ ಬಿಡಿಭಾಗ ಬದಲಿಸುವುದರಿಂದ ಗ್ರಾಹಕರು ಸುಮ್ಮನೆ ಹಣ ಕಳೆದುಕೊಳ್ಳುತ್ತಿದ್ದಾರೆ. ಇದನ್ನು ಓದುಗರ ಗಮನಕ್ಕೂ, ಫ್ರಿಜ್ಜು ಮಾರುವವರ ಗಮನಕ್ಕೂ ತರುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ತುಸು ದೀರ್ಘವಾಗಿದೆ, ಆದರೆ ಅರ್ಧ ಹೇಳಿದರೆ ಉಪಯೋಗವಿಲ್ಲದ ವಿಷಯವಿದು.

ನಾನು ಧಾರವಾಡದ ಸಪ್ತಾಪುರದಲ್ಲಿ ವಾಸಿಸುವ, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಶಿಕ್ಷಕಿ. ಕಳೆದ ವರ್ಷ ನಮ್ಮ ಯಜಮಾನರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ದಿನಕ್ಕೆ ಮೂರು ನಾಲ್ಕು ಸಲ ಐಸ್ ಇಡಬೇಕೆಂದು ವೈದ್ಯರು ಹೇಳಿದ್ದರು. ಮಗಳು ಕೊಡಿಸಿದ ಫ್ರಿಜ್ಜಿನಲ್ಲಿ ಐಸ್ ಮೇಕರ್ ಇದೆಯಲ್ಲ ಎಂಬ ಧೈರ್ಯದಲ್ಲಿದ್ದೆವು. ಆದರೆ ಅದು ಮೊದಲ ವಾರ ಅರ್ಧ ಗಾತ್ರದ, ನಡುವೆ ಪೊಳ್ಳಾದ ಗಡ್ಡೆಗಳನ್ನು ಕೊಟ್ಟು, ಎರಡನೆಯ ವಾರಕ್ಕೆ ಪೂರ್ತಿ ನಿಂತುಬಿಟ್ಟಿತು. ಬಂದ ಮೆಕ್ಯಾನಿಕ್ ಫ್ರೀಜರಿನ ಬಾಗಿಲು ತೆರೆದು ನೋಡಿ, "ಅಕ್ಕಾರ, ಇದರ ಸೆಟ್ಟ ಪೂರಾ ಹೋಗೇತ್ರಿ, ಬದಲಿ ಮಾಡಬೇಕಾಗತೈತಿ" ಎಂದು ಐದೇ ನಿಮಿಷದಲ್ಲಿ ತೀರ್ಮಾನ ಹೇಳಿ, 6,500 ರೂಪಾಯಿಯ ಲೆಕ್ಕ ಕೊಟ್ಟರು. ಅಷ್ಟು ಬೇಡವೆಂದಾಗ ಹಿಂಬದಿಯ ವಾಲ್ವನ್ನಾದರೂ ಬದಲಿಸೋಣವೆಂದು 1,800 ರೂಪಾಯಿ ತೆಗೆದುಕೊಂಡು ಹೊಸ ವಾಲ್ವ್ ಕೂಡಿಸಿದರು. ಮರುದಿನವೂ ಐಸ್ ಬೀಳಲಿಲ್ಲ. ಇಷ್ಟೆಲ್ಲ ಆಗುವಾಗ ಫ್ರಿಜ್ಜಿಗೆ ನೀರು ಎಲ್ಲಿಂದ ಬರುತ್ತದೆ, ಎಷ್ಟು ರಭಸದಿಂದ ಬರುತ್ತದೆ ಎಂದು ಅವರು ಒಮ್ಮೆಯೂ ಕೇಳಲಿಲ್ಲ.

ಐಸ್ ಮೇಕರ್ ಕೆಲಸ ಮಾಡುವ ಕ್ರಮ ತಿಳಿದರೆ ಈ ಪ್ರಶ್ನೆ ಏಕೆ ಮುಖ್ಯವೆಂಬುದು ತಿಳಿಯುತ್ತದೆ. ಫ್ರಿಜ್ಜಿನ ಹಿಂಬದಿಯಲ್ಲಿ, ಸಾಮಾನ್ಯವಾಗಿ ಕೆಳಗಡೆ, ವಿದ್ಯುತ್ತಿನಿಂದ ತೆರೆದುಕೊಳ್ಳುವ ಒಂದು ಸೊಲೆನಾಯ್ಡ್ ವಾಲ್ವ್ ಇರುತ್ತದೆ. ಅದು ತೆರೆದಾಗ ನೀರು ಸಣ್ಣ ಕೊಳವೆಯ ಮೂಲಕ ಮೇಲೇರಿ ಫ್ರೀಜರಿನೊಳಗಿನ ಅಚ್ಚಿಗೆ ಬೀಳುತ್ತದೆ. ನೀರು ಹೆಪ್ಪುಗಟ್ಟಿ ಅಚ್ಚಿನ ಉಷ್ಣತೆ ಸುಮಾರು ಮೈನಸ್ 9 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿದಾಗ ಅದರೊಳಗಿನ ಥರ್ಮೋಸ್ಟ್ಯಾಟ್ ಎಚ್ಚರಗೊಂಡು, ಅಚ್ಚಿನ ತಳದ ಚಿಕ್ಕ ಹೀಟರನ್ನು ಬಿಸಿಮಾಡಿ ಗಡ್ಡೆಗಳ ಅಂಚನ್ನು ಸಡಿಲಿಸುತ್ತದೆ. ಆಗ ಮೋಟರು ಒಂದು ತೋಳನ್ನು ತಿರುಗಿಸಿ ಅವನ್ನು ಕೆಳಗಿನ ಡಬ್ಬಿಗೆ ನೂಕುತ್ತದೆ. ಕೆಲವು ಹೊಸ ಮಾದರಿಗಳಲ್ಲಿ ಹೀಟರಿನ ಬದಲು ತಟ್ಟೆಯೇ ತಿರುಚಿಕೊಂಡು ಗಡ್ಡೆಗಳನ್ನು ಬೀಳಿಸುತ್ತದೆ. ಇದಾದ ಮೇಲೆ ವಾಲ್ವ್ ಮತ್ತೆ ತೆರೆಯುತ್ತದೆ. ಇಲ್ಲಿ ಗಮನಿಸಬೇಕಾದ ಮಾತೆಂದರೆ, ಅಚ್ಚು ತುಂಬಿತೋ ಇಲ್ಲವೋ ಎಂದು ನೋಡಿ ವಾಲ್ವ್ ಮುಚ್ಚುವುದಿಲ್ಲ. ಹಲವು ಮಾದರಿಗಳಲ್ಲಿ ಅದು ಏಳೆಂಟು ಸೆಕೆಂಡು ತೆರೆದಿದ್ದು ಮುಚ್ಚಿಕೊಳ್ಳುತ್ತದೆ. ಆ ಏಳೆಂಟು ಸೆಕೆಂಡಿನಲ್ಲಿ ಎಷ್ಟು ನೀರು ಬಂತೋ ಅಷ್ಟಕ್ಕೇ ಐಸ್. ಹರಿವು ಮಿತಿಮೀರದಂತೆ ತಡೆಯುವ ಒಂದು ರಬ್ಬರ್ ಬಿಲ್ಲೆ ವಾಲ್ವಿನೊಳಗಿರುವುದರಿಂದ ಕೈಪಿಡಿಯ ಮಿತಿಯೊಳಗೆ ಒತ್ತಡ ಹೆಚ್ಚಿದ್ದರೆ ತೊಂದರೆಯಿಲ್ಲ, ಆದರೆ ಕಡಿಮೆಯಿದ್ದರೆ ಅದನ್ನು ಹೆಚ್ಚಿಸುವ ಯಾವ ಉಪಾಯವೂ ಆ ವಾಲ್ವಿನಲ್ಲಿಲ್ಲ.

ನೇರವಾಗಿ ನಳಕ್ಕೆ ಜೋಡಿಸುವ ಇಂಥ ಫ್ರಿಜ್ಜುಗಳ ಕೈಪಿಡಿಯಲ್ಲಿ ಕನಿಷ್ಠ ಒತ್ತಡವನ್ನು ನಮೂದಿಸಿರುತ್ತಾರೆ. ನಮ್ಮದರಲ್ಲಿ 1.4 ಬಾರ್ (ಬಾರ್ ಎಂಬುದು ಒತ್ತಡದ ಅಳತೆ) ಎಂದಿತ್ತು. ಇಂಗ್ಲಿಷಿನ ಕೈಪಿಡಿಯ ಹಿಂದಿನ ಪುಟಗಳಲ್ಲಿ, ಚಿಕ್ಕ ಅಕ್ಷರದಲ್ಲಿದ್ದ ಆ ಸಾಲನ್ನು ನಾನು ಓದಿದ್ದು ವಾಲ್ವ್ ಬದಲಿಸಿಯಾದ ಮೇಲೆ. ಡಬ್ಬಿಗೆ ಮೇಲೊಂದು, ನಡುವೊಂದು, ಕೆಳಗೊಂದು ತೂತು ಕೊರೆದು ನೀರು ತುಂಬಿದರೆ ಕೆಳಗಿನ ತೂತಿನ ನೀರೇ ಹೆಚ್ಚು ರಭಸದಿಂದ ಚಿಮ್ಮುತ್ತದೆ ಎಂಬ ಪ್ರಯೋಗವನ್ನು ಎಷ್ಟೋ ವರ್ಷ ಮಕ್ಕಳಿಗೆ ಮಾಡಿ ತೋರಿಸಿದವಳು ನಾನು. ಅದೇ ಪಾಠ ಇಲ್ಲಿ ನೆರವಾಯಿತು. ಹತ್ತು ಮೀಟರ್ ಎತ್ತರದ ನೀರು ತನ್ನ ಬುಡದಲ್ಲಿ ಸುಮಾರು ಒಂದು ಬಾರ್ ಒತ್ತಡ ಹಾಕುತ್ತದೆ. ನಮ್ಮ ಮಾಳಿಗೆಯ ಮೇಲಿನ ಟ್ಯಾಂಕಿಯ ನೀರಿನ ಮಟ್ಟದಿಂದ ಅಡುಗೆಮನೆಯ ಫ್ರಿಜ್ಜಿನ ವಾಲ್ವಿನವರೆಗೆ ಟೇಪು ಹಿಡಿದು ಅಳೆದಾಗ ನಾಲ್ಕೂವರೆ ಮೀಟರ್ ಬಂತು. ಎಂದರೆ 0.45 ಬಾರ್, ಬೇಕಾದುದರ ಮೂರನೆಯ ಒಂದು ಭಾಗಕ್ಕೂ ಕಡಿಮೆ. ಬರಿಯ ಎತ್ತರದಿಂದಲೇ 1.4 ಬಾರ್ ಬರಬೇಕಾದರೆ ಟ್ಯಾಂಕಿಯನ್ನು ಫ್ರಿಜ್ಜಿಗಿಂತ 14 ಮೀಟರ್ ಮೇಲೆ, ನಾಲ್ಕು ಅಂತಸ್ತಿನ ಮನೆಯ ನೆತ್ತಿಯ ಮೇಲೆ ಇಡಬೇಕಾಗುತ್ತದೆ. ಒಂದು ಅಥವಾ ಎರಡು ಅಂತಸ್ತಿನ ಮನೆಯಲ್ಲಿ, ಒತ್ತಡ ಹೆಚ್ಚಿಸುವ ಪಂಪಿಲ್ಲದೆ, ಇಂಥ ಐಸ್ ಮೇಕರ್ ಸರಿಯಾಗಿ ನಡೆಯುವುದು ಸಾಧ್ಯವಿಲ್ಲವೆಂದು ಈ ಲೆಕ್ಕವೇ ಹೇಳುತ್ತದೆ.

ಸದಾ ಒತ್ತಡದಲ್ಲಿರುವ ನಲ್ಲಿನೀರಿನ ಊರುಗಳನ್ನು ಮನಸ್ಸಿನಲ್ಲಿಟ್ಟು ರೂಪಿಸಿದ ಯಂತ್ರವಿದು. ನಮ್ಮ ಅವಳಿ ನಗರಕ್ಕೆ ಸವದತ್ತಿ ಬಳಿಯ ನವಿಲುತೀರ್ಥದ ರೇಣುಕಾಸಾಗರದಿಂದ ಮಲಪ್ರಭೆಯ ನೀರು ಬರುತ್ತದೆ. 2008ರಲ್ಲಿ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆಯೂ ನೀರು ಕೊಡುವ ವ್ಯವಸ್ಥೆ ಪ್ರಾಯೋಗಿಕವಾಗಿ ಶುರುವಾಯಿತಾದರೂ, ಉಳಿದ ಎಷ್ಟೋ ಬಡಾವಣೆಗಳ ಜನ ಕೆಲವು ದಿನಗಳಿಗೊಮ್ಮೆ ಬರುವ ನೀರನ್ನು ಸಂಪಿನಲ್ಲಿ ಹಿಡಿದು, ಮೋಟರಿನಿಂದ ಮಾಳಿಗೆಯ ಟ್ಯಾಂಕಿಗೆ ಏರಿಸಿ ಬಳಸುವುದು ರೂಢಿ. ನಮ್ಮ ಮನೆಯೊಳಗಿನ ನಳಗಳಿಗೆ ಒತ್ತಡ ಕೊಡುವುದು ಆ ಟ್ಯಾಂಕಿಯ ಎತ್ತರ ಒಂದೇ. ಈ ಸಂಗತಿ ಇಲ್ಲಿಯ ಅಂಗಡಿಕಾರರಿಗೆ ತಿಳಿಯದ್ದೇನಲ್ಲ, ಅವರ ಮನೆಗಳಲ್ಲೂ ಇದೇ ವ್ಯವಸ್ಥೆ ಇರುತ್ತದೆ.

ಇದನ್ನು ಯಾರು ಬೇಕಾದರೂ ಮನೆಯಲ್ಲಿ ಪರೀಕ್ಷಿಸಬಹುದು. ಮೊದಲು ಫ್ರಿಜ್ಜಿನ ಪ್ಲಗ್ಗನ್ನು ತೆಗೆದು, ನೀರಿನ ಕೊಳವೆಯ ನಳ ಬಂದ್ ಮಾಡಿ, ಹಿಂಬದಿಯ ವಾಲ್ವಿಗೆ ಜೋಡಿಸಿದ ತುದಿಯನ್ನು ಬಿಚ್ಚಿ ಬಕೆಟ್ಟಿನಲ್ಲಿ ಹಿಡಿಯಬೇಕು. ಕೊಳವೆಯ ತುದಿಯನ್ನು ವಾಲ್ವು ಇದ್ದಷ್ಟೇ ಎತ್ತರದಲ್ಲಿ ಹಿಡಿಯುವುದು ಅಗತ್ಯ, ನೆಲಕ್ಕೆ ಇಳಿಸಿದರೆ ಹರಿವು ಹೆಚ್ಚಾಗಿ ತಪ್ಪು ತಿಳಿವಳಿಕೆಯಾಗುತ್ತದೆ. ನಂತರ ನಳ ತೆರೆದು ಒಂದು ನಿಮಿಷದಲ್ಲಿ ಬಂದ ನೀರನ್ನು ಅಳತೆಯ ಪಾತ್ರೆಗೆ ಸುರಿದು ನೋಡಬೇಕು. ನಮ್ಮಲ್ಲಿ ಅರ್ಧ ಲೀಟರಿಗಿಂತ ಕಡಿಮೆ ಬಂತು. ಹರಿವು ಇಷ್ಟು ದುರ್ಬಲವಾಗಿದ್ದರೆ, ಕೊಳವೆ ಫ್ರಿಜ್ಜಿನ ಹಿಂದೆ ಗೋಡೆಗೆ ಒತ್ತಿ ಮಡಚಿಕೊಂಡಿದೆಯೇ, ನಡುವಿನ ನಳ ಪೂರ್ತಿ ತೆರೆದಿದೆಯೇ, ಫಿಲ್ಟರ್ ಕಟ್ಟಿಕೊಂಡಿದೆಯೇ ಎಂದು ಒಂದೊಂದಾಗಿ ನೋಡಬೇಕು. ಇವೆಲ್ಲ ಸರಿಯಿದ್ದೂ ಹರಿವು ಕಡಿಮೆಯಿದ್ದರೆ ಅದು ಎತ್ತರದ ಕೊರತೆಯೇ. ನಿಖರವಾಗಿ ತಿಳಿಯಬೇಕೆಂದರೆ ಪ್ಲಂಬಿಂಗ್ ಸಾಮಾನಿನ ಅಂಗಡಿಯಲ್ಲಿ ಪ್ರೆಶರ್ ಗೇಜ್ ಸಿಗುತ್ತದೆ. ಅದನ್ನು ಕೊಳವೆಯ ತುದಿಗೆ ಕೂಡಿಸಿದರೆ ಮುಳ್ಳೇ ಉತ್ತರ ಹೇಳುತ್ತದೆ. ಮನೆಗೆ ಬರುವ ಮೆಕ್ಯಾನಿಕ್‌ನ ಚೀಲದಲ್ಲಿ ಸ್ಕ್ರೂಡ್ರೈವರಿನಷ್ಟೇ ಸಹಜವಾಗಿ ಈ ಗೇಜೂ ಇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ಮಾಳಿಗೆಯ ಟ್ಯಾಂಕಿಯ ನೀರನ್ನು ನಾವು ಕುಡಿಯಲು ಬಳಸುವುದಿಲ್ಲ. ಹೆಪ್ಪುಗಟ್ಟಿಸಿದ ಮಾತ್ರಕ್ಕೆ ನೀರಿನೊಳಗಿನ ಸೂಕ್ಷ್ಮಾಣುಗಳು ಸಾಯುವುದಿಲ್ಲವಾದ್ದರಿಂದ, ಕುಡಿಯಲು ಯೋಗ್ಯವಲ್ಲದ ನೀರಿನಿಂದ ಮಾಡಿದ ಐಸ್ ಕೂಡ ಕುಡಿಯುವ ಪಾನಕಕ್ಕೆ ಯೋಗ್ಯವಲ್ಲ. ಫ್ರಿಜ್ಜಿನ ಜೊತೆಗೆ ಬರುವ ಇದ್ದಿಲಿನ ಫಿಲ್ಟರ್ ಕ್ಲೋರಿನ್ ವಾಸನೆ, ರುಚಿ, ಕಸ ತೆಗೆಯುತ್ತದೆಯೇ ಹೊರತು ಅಶುದ್ಧ ನೀರನ್ನು ಶುದ್ಧ ಮಾಡುವುದಿಲ್ಲ. ಅದನ್ನೂ ಆರು ತಿಂಗಳಿಗೊಮ್ಮೆ ಬದಲಿಸಬೇಕು. ಹೀಗಾಗಿ ಹಲವರು ಫ್ರಿಜ್ಜಿನ ಕೊಳವೆಯನ್ನು ಗೋಡೆಯ ಮೇಲಿನ ಆರ್‌ಒ ಯಂತ್ರದ ತೊಟ್ಟಿಗೆ ಜೋಡಿಸುತ್ತಾರೆ, ನಮ್ಮ ಮನೆಯಲ್ಲೂ ಮೊದಲ ವಾರದ ನಂತರ ಹಾಗೆಯೇ ಮಾಡಿಸಿದ್ದೆವು. ಆದರೆ ಮನೆಬಳಕೆಯ ಆ ಯಂತ್ರದೊಳಗಿನ ಪಂಪು ತಾನು ಶೋಧಿಸುವ ಪೊರೆಯ ಮೇಲೆ ಒತ್ತಡ ಹಾಕುತ್ತದೆ, ಶುದ್ಧವಾದ ನೀರು ಮಾತ್ರ ತೊಟ್ಟಿಯಲ್ಲಿ ಸುಮ್ಮನೆ ನಿಂತಿರುತ್ತದೆ. ಅಲ್ಲಿಂದ ಫ್ರಿಜ್ಜಿನ ವಾಲ್ವಿಗೆ ಇರುವುದು ಒಂದು ಮೀಟರಿನಷ್ಟು ಎತ್ತರ, ಅಂದರೆ 0.1 ಬಾರ್. ಶುದ್ಧ ನೀರು ಬೇಕೆಂದು ಮಾಡಿದ ಜೋಡಣೆಯಿಂದಲೇ ನಮ್ಮ ಐಸ್ ಮೇಕರ್ ಎರಡನೆಯ ವಾರಕ್ಕೆ ಪೂರ್ತಿ ನಿಂತಿತೆಂಬುದು ಆಮೇಲೆ ತಿಳಿಯಿತು.

ಪರಿಹಾರವೆಂದರೆ ಶುದ್ಧ ನೀರಿನ ತೊಟ್ಟಿ ಮತ್ತು ಫ್ರಿಜ್ಜಿನ ನಡುವೆ ಒಂದು ಸಣ್ಣ ಡಯಾಫ್ರಾಂ ಪಂಪು, ಅಂದರೆ ರಬ್ಬರಿನ ಪೊರೆಯನ್ನು ಅಲುಗಿಸಿ ನೀರು ನೂಕುವ ಪಂಪು. ಇಂಥ ಪಂಪಿನಲ್ಲಿ ಒತ್ತಡದ ಸ್ವಿಚ್ ಇರುವುದರಿಂದ ಫ್ರಿಜ್ಜಿನ ವಾಲ್ವ್ ತೆರೆದು ಒತ್ತಡ ಇಳಿದಾಗ ತಾನಾಗಿ ಚಾಲೂ ಆಗುತ್ತದೆ, ವಾಲ್ವ್ ಮುಚ್ಚಿ ಒತ್ತಡ ಏರಿದಾಗ ತಾನಾಗಿ ನಿಲ್ಲುತ್ತದೆ. ಒತ್ತಡ ಎಷ್ಟಕ್ಕೆ ನಿಲ್ಲಬೇಕೆಂಬುದು ಫ್ರಿಜ್ಜಿನ ಕೈಪಿಡಿಯ ಮಿತಿಯೊಳಗಿರಬೇಕು. ತೊಟ್ಟಿ ಬರಿದಾದಾಗ ಪಂಪು ಒಣಗಿ ಓಡದಂತೆ ತಡೆಯುವ ಸ್ವಿಚ್ಚನ್ನೂ ಹಾಕಿಸಿಕೊಳ್ಳಬೇಕು, ನೀರು ಕೆಲವು ದಿನಗಳಿಗೊಮ್ಮೆ ಬರುವ ಊರಿನಲ್ಲಿ ಇದನ್ನು ಮರೆಯುವಂತಿಲ್ಲ. ಕೊಳವೆ ಕುಡಿಯುವ ನೀರಿಗೆ ಯೋಗ್ಯವಾದ ಪ್ಲಾಸ್ಟಿಕ್ಕಿನದೇ ಆಗಿರಬೇಕು ಮತ್ತು ಫ್ರಿಜ್ಜನ್ನು ಮುಂದೆ ಎಳೆದಾಗ ಜಗ್ಗದಷ್ಟು ಉದ್ದ ಬಿಟ್ಟಿರಬೇಕು. ನಮ್ಮ ಮನೆಗೆ ಪಂಪು, ಕೊಳವೆ, ಪ್ಲಂಬರರ ಕೂಲಿ ಸೇರಿ 3,200 ರೂಪಾಯಿ ಬಿತ್ತು. ಅವಸರದಲ್ಲಿ ಕೆಲವರು ಮಾಡುವಂತೆ ಮಹಾನಗರ ಪಾಲಿಕೆಯ ನಳಕ್ಕೇ ನೇರವಾಗಿ ಮೋಟರು ಹಚ್ಚುವುದು ಮಾತ್ರ ಖಂಡಿತ ಕೂಡದು. ಅದು ನಿಯಮಬಾಹಿರ, ಓಣಿಯ ಕೊನೆಯ ಮನೆಯವರ ನೀರನ್ನು ಕಸಿಯುವ ಕೆಲಸ. ಕೊಳವೆ ಎಲ್ಲಾದರೂ ಬಿರಿದಿದ್ದರೆ ಗಟಾರದ ನೀರನ್ನೂ ಅದು ಒಳಗೆ ಎಳೆದುಕೊಳ್ಳುತ್ತದೆ.

ಕಡಿಮೆ ಒತ್ತಡದ ಇನ್ನೊಂದು ಕೇಡು ತಡವಾಗಿ ಕಾಣಿಸಿಕೊಳ್ಳುತ್ತದೆ. ಈ ವಾಲ್ವ್ ತೆರೆಯುವುದು ವಿದ್ಯುತ್ತಿನಿಂದಾದರೂ, ಮುಚ್ಚಿದ ಮೇಲೆ ಅದರ ರಬ್ಬರ್ ಪದರವನ್ನು ಬಿಗಿಯಾಗಿ ಒತ್ತಿ ಹಿಡಿಯುವುದು ಹಿಂದಿನಿಂದ ಬರುವ ನೀರಿನ ಒತ್ತಡವೇ. ಅದು ಸಾಲದಿದ್ದರೆ ಹನಿ ಹನಿಯಾಗಿ ನೀರು ಜಿನುಗುತ್ತದೆ. ಜಿನುಗಿದ ಹನಿ ಅಚ್ಚಿಗೆ ಬೀಳುವ ಮೊದಲೇ ಫ್ರೀಜರಿನೊಳಗಿನ ಕೊಳವೆಯ ಬಾಯಲ್ಲಿ ಹೆಪ್ಪುಗಟ್ಟಿ ಬಿರಡೆಯಂತೆ ಕೂಡುತ್ತದೆ. ಆಮೇಲೆ ಎಷ್ಟು ಒತ್ತಡವಿದ್ದರೂ ನೀರು ಬರುವುದಿಲ್ಲ. ಹಾಗಾಗಿ ಪಂಪು ಹಾಕಿದ ಮೇಲೂ ಐಸ್ ಬಾರದಿದ್ದರೆ ಕೊಳವೆಯ ಬಾಯನ್ನು ಟಾರ್ಚು ಹಿಡಿದು ನೋಡಬೇಕು. ಅಲ್ಲಿ ಬೆಳ್ಳಗೆ ಐಸ್ ಕಂಡರೆ ಪ್ಲಗ್ಗು ತೆಗೆದು, ಫ್ರೀಜರಿನ ಸಾಮಾನುಗಳನ್ನು ಹೊರಗಿಟ್ಟು, ಕೆಳಗೆ ಟವೆಲ್ ಹಾಸಿ, ಸೂಜಿಯಿಲ್ಲದ ಸಿರಿಂಜಿನಿಂದ ಉಗುರುಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪವಾಗಿ ಅಲ್ಲಿಗೆ ಹಾಯಿಸಬೇಕು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಅರಿವೆಯನ್ನು ಸುತ್ತಿ ಹಿಡಿದರೂ ನಡೆಯುತ್ತದೆ. ನಮ್ಮಲ್ಲಿ ಇಪ್ಪತ್ತು ನಿಮಿಷದಲ್ಲಿ ಬೆರಳುದ್ದದ ಐಸಿನ ಕಡ್ಡಿ ಇಡಿಯಾಗಿ ಜಾರಿ ಬಿತ್ತು. ಕುದಿಯುವ ನೀರು ಸುರಿದರೆ ಪ್ಲಾಸ್ಟಿಕ್ ಸೀಳುವ ಭಯವಿದೆ.

ಚಾಕು, ಸ್ಕ್ರೂಡ್ರೈವರ್, ಸುತ್ತಿಗೆಗಳನ್ನು ಫ್ರೀಜರಿನೊಳಗೆ ತರಲೇಬೇಡಿರೆಂದು ಓದುಗರಲ್ಲಿ, ವಿಶೇಷವಾಗಿ ಮನೆಯ ತಾಯಂದಿರಲ್ಲಿ, ಕೈಮುಗಿದು ಕೇಳಿಕೊಳ್ಳುತ್ತೇನೆ. ಈಗಿನ ಅನೇಕ ಫ್ರಿಜ್ಜುಗಳಲ್ಲಿ ತಂಪು ಮಾಡಲು ಬಳಸುವುದು ಆರ್600ಎ ಎಂಬ ಅನಿಲ, ಅಂದರೆ ಐಸೊಬ್ಯೂಟೇನ್. ಅದು ಅಡುಗೆ ಗ್ಯಾಸಿನ ಬಳಗಕ್ಕೆ ಸೇರಿದ, ಬೆಂಕಿ ಹೊತ್ತಿಕೊಳ್ಳುವ ಅನಿಲ. ಫ್ರಿಜ್ಜಿನಲ್ಲಿರುವ ಪ್ರಮಾಣ ಕೆಲವು ಹತ್ತು ಗ್ರಾಂಗಳಷ್ಟೇ ಆದರೂ, ಐಸ್ ಕೆತ್ತುವಾಗ ಒಳಗಿನ ನಳಿಗೆ ತೂತಾದರೆ ಅನಿಲ ಹೊರಬರುತ್ತದೆ. ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ತಂಗುತ್ತದೆ, ಪಕ್ಕದಲ್ಲೇ ಒಲೆ ಉರಿಯುತ್ತಿರುತ್ತದೆ. ಕೆತ್ತುವಾಗ ಬುಸ್ಸೆಂಬ ಸಪ್ಪಳ ಕೇಳಿದರೆ ಒಲೆ ಆರಿಸಿ, ಕಿಟಕಿ ಬಾಗಿಲು ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು ತಿಳಿದವರನ್ನು ಕರೆಯಬೇಕು. ತೂತು ಬಿದ್ದ ಫ್ರಿಜ್ಜಿನ ದುರಸ್ತಿ ಬಹಳ ಖರ್ಚಿನದು, ಹಲವು ಬಾರಿ ಆಗುವುದೂ ಇಲ್ಲ. ಅನಿಲ ಯಾವುದೆಂಬುದನ್ನು ಫ್ರಿಜ್ಜಿನ ಹಿಂದೆ ಅಥವಾ ಒಳಗೋಡೆಯ ಮೇಲಿನ ಚೀಟಿಯಲ್ಲಿ ಬರೆದಿರುತ್ತಾರೆ, ಬೆಂಕಿಯ ಗುರುತೂ ಇರುತ್ತದೆ.

ನೀರು ಬಿಟ್ಟು ಬಿಟ್ಟು ಬರುವ ಊರಿನಲ್ಲಿ ಕಸದ ಕಾಟವೂ ಇದೆ. ಕೆಲವು ದಿನ ಖಾಲಿಯಿದ್ದ ಕೊಳವೆಯಲ್ಲಿ ಮತ್ತೆ ನೀರು ನುಗ್ಗಿದಾಗ ಮೊದಲ ನೀರು ಮಣ್ಣಿನ ಬಣ್ಣದಲ್ಲಿ ಬರುವುದನ್ನು ಎಲ್ಲರೂ ನೋಡಿದ್ದೇವೆ. ಟ್ಯಾಂಕಿಯಿಂದ ನೇರವಾಗಿ ಜೋಡಿಸಿದ ಮನೆಗಳಲ್ಲಿ ಆ ರಾಡಿ ಫ್ರಿಜ್ಜಿನ ವಾಲ್ವಿನ ಬಾಯಲ್ಲಿರುವ ಚಿಕ್ಕ ಜಾಲರಿಯನ್ನು ಕಟ್ಟಿಬಿಡುತ್ತದೆ. ಪ್ಲಗ್ಗು ತೆಗೆದು, ನಳ ಬಂದ್ ಮಾಡಿ, ಕೊಳವೆ ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಮೆಲ್ಲಗೆ ತಿಕ್ಕಿದರೆ ಹತ್ತು ನಿಮಿಷದ ಕೆಲಸ.

ಗದಗಿನಲ್ಲಿರುವ ನನ್ನ ತಂಗಿಯ ಮನೆಯ ಕಥೆ ಬೇರೆ. ಅವಳ ಫ್ರಿಜ್ಜು ನಳಕ್ಕೆ ಜೋಡಿಸುವಂಥದ್ದಲ್ಲ. ತಂಪಿನ ಕೋಣೆಯೊಳಗೆ ಒಂದು ನೀರಿನ ಡಬ್ಬಿಯಿದ್ದು, ಅದನ್ನು ನಾವೇ ತುಂಬಿದರೆ ಒಳಗಿನ ಪುಟ್ಟ ಪಂಪು ನೀರನ್ನು ಮೇಲಿನ ತಟ್ಟೆಗೆ ಒಯ್ಯುತ್ತದೆ. ಒತ್ತಡದ ಗೊಡವೆಯಿಲ್ಲದ ಈ ಬಗೆಯೇ ನಮ್ಮ ಜಿಲ್ಲೆಗಳ ಹೆಚ್ಚಿನ ಮನೆಗಳಿಗೆ ಹೊಂದುವಂಥದ್ದು, ಹೊಸದಾಗಿ ಕೊಳ್ಳುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ಅವಳು ಬೋರಿನ ನೀರನ್ನು ತುಂಬುತ್ತಿದ್ದಳು. ಆ ಗಡಸು ನೀರಿನ ಸುಣ್ಣದಂಶ ಡಬ್ಬಿಯ ತಳದ ಸೋಸುಬಲೆಯಲ್ಲೂ ಪಂಪಿನ ಚಕ್ರದಲ್ಲೂ ಬಿಳಿ ಪದರವಾಗಿ ಕೂತು, ಪಂಪು ಗುಂಯ್ಗುಟ್ಟುತ್ತಿದ್ದರೂ ನೀರು ಏರುತ್ತಿರಲಿಲ್ಲ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲದ ಒಂದು ಚಮಚೆಯನ್ನು ಅರ್ಧ ಲೀಟರ್ ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಡಬ್ಬಿಯನ್ನೂ ಸೋಸುಬಲೆಯನ್ನೂ ಒಂದು ತಾಸು ನೆನೆಸಿ, ನಾಲ್ಕೈದು ಸಲ ಶುದ್ಧ ನೀರಿನಲ್ಲಿ ತೊಳೆದೆವು. ಡಬ್ಬಿಯನ್ನು ಮತ್ತೆ ಕೂಡಿಸುವಾಗ ಅದು ತನ್ನ ಜಾಗದಲ್ಲಿ ಪೂರ್ತಿ ಒಳಗೆ ಕೂತಿತೇ ಎಂದು ನೋಡುವುದು ಅಗತ್ಯ, ಕಾಳಿನಷ್ಟು ಹೊರಗಿದ್ದರೂ ಪಂಪಿಗೆ ನೀರು ಸಿಗುವುದಿಲ್ಲ. ಅಚ್ಚಿನೊಳಗಿನ ಬಿಳಿ ಪದರವನ್ನು ತಂತಿಯ ಬ್ರಶ್ಶಿನಿಂದ ಉಜ್ಜಬಾರದು. ಅಚ್ಚಿನ ಲೇಪ ಎದ್ದರೆ ಗಡ್ಡೆಗಳು ಅಂಟಿಕೊಂಡು ತೋಳು ಸಿಕ್ಕಿಬೀಳುತ್ತದೆ. ಐಸ್ ಕರಗಿದ ಮೇಲೆ ಲೋಟದ ತಳದಲ್ಲಿ ಬಿಳಿಯ ಪುಡಿ ಕಂಡರೆ ಅದು ಈ ಸುಣ್ಣದಂಶವೇ, ವಿಷವಲ್ಲ.

ಇನ್ನು, ಏನೂ ಕೆಡದೆಯೇ ಐಸ್ ನಿಲ್ಲುವ ಸಂದರ್ಭಗಳೂ ಇವೆ. ಡಬ್ಬಿ ತುಂಬಿದಾಗ ಯಂತ್ರವನ್ನು ನಿಲ್ಲಿಸಲು ಒಂದು ತಂತಿಯ ಅಥವಾ ಪ್ಲಾಸ್ಟಿಕ್ಕಿನ ತೋಳು ಇರುತ್ತದೆ. ಅದು ಮೇಲೆದ್ದಿದ್ದರೆ ಯಂತ್ರ ಬಂದ್, ಇಳಿದಿದ್ದರೆ ಚಾಲೂ. ಹೆಪ್ಪುಗಟ್ಟಿದ ಬಟಾಣಿಯ ಚೀಲ ತಾಗಿಯೂ ಅದು ಮೇಲೆ ಸಿಕ್ಕಿಕೊಂಡಿರಬಹುದು. ಬಹಳ ಹೊತ್ತು ಕರೆಂಟು ಹೋದಾಗ ಡಬ್ಬಿಯ ಐಸ್ ಅರ್ಧ ಕರಗಿ, ಕರೆಂಟು ಬಂದ ಮೇಲೆ ಒಂದೇ ಮುದ್ದೆಯಾಗಿ ಹೆಪ್ಪುಗಟ್ಟಿ ತೋಳನ್ನು ಎತ್ತಿ ಹಿಡಿದಿರುತ್ತದೆ. ಡಬ್ಬಿಯನ್ನು ಹೊರತೆಗೆದು ಮೋರಿಯಲ್ಲಿ ನೀರು ಹಾಯಿಸಿ ಕರಗಿಸಿ, ಒರೆಸಿ ಇಟ್ಟರೆ ಮುಗಿಯಿತು. ಫ್ರೀಜರಿನೊಳಗೆ ಮೈನಸ್ 18 ಡಿಗ್ರಿ ಇರಬೇಕು. ಮದುವೆ, ಸೀಮಂತದ ಗಡಿಬಿಡಿಯಲ್ಲಿ ಬಿಸಿಯಾರದ ಪಾತ್ರೆಗಳನ್ನು ತುರುಕಿದಾಗ, ಬಾಗಿಲಿನ ರಬ್ಬರ್ ಸಡಿಲವಾದಾಗ ಅಷ್ಟು ತಂಪು ಬರುವುದಿಲ್ಲ. ಬಾಗಿಲಿನ ಸಂದಿಯಲ್ಲಿ ಒಂದು ಕಾಗದವಿಟ್ಟು ಮುಚ್ಚಿ ಎಳೆದಾಗ ಅದು ಸುಲಭವಾಗಿ ಜಾರಿ ಬಂದರೆ ರಬ್ಬರನ್ನು ನೋಡಬೇಕು. ಹೊಸ ಫ್ರಿಜ್ಜಾಗಲಿ, ದುರಸ್ತಿಯಾದದ್ದಾಗಲಿ, ಚಾಲೂ ಮಾಡಿದ ಮೇಲೆ 24 ಗಂಟೆ ಕಾಯದೆ ಕೆಟ್ಟಿದೆಯೆಂದು ಹೇಳಲಾಗದು. ಮೊದಲ ಎರಡು ಮೂರು ಸಲದ ಐಸನ್ನು ಚೆಲ್ಲಬೇಕು.

ಇವೆಲ್ಲ ಸರಿಯಿದ್ದು, ಹಲವು ಮಾದರಿಗಳಲ್ಲಿರುವ ಟೆಸ್ಟ್ ಗುಂಡಿಯನ್ನು ಒತ್ತಿ ಹಿಡಿದಾಗಲೂ ಮೋಟರು ತಿರುಗದಿದ್ದರೆ, ಅಥವಾ ಮೋಟರು ತಿರುಗಿಯೂ ಹಿಂಬದಿಯ ವಾಲ್ವ್ ಸದ್ದು ಮಾಡದಿದ್ದರೆ, ಆಗ ಬಿಡಿಭಾಗದ ಮಾತು ಬರುತ್ತದೆ. ವಾಲ್ವಿನ ಸುರುಳಿಯನ್ನು ಪ್ಲಗ್ಗು ತೆಗೆದ ಸ್ಥಿತಿಯಲ್ಲಿ ವಿದ್ಯುತ್ ಪರೀಕ್ಷಿಸುವ ಮಲ್ಟಿಮೀಟರಿನಿಂದ ಅಳೆಯಬಹುದು. ಮೀಟರು ಯಾವ ಅಂಕಿಯನ್ನೂ ತೋರಿಸದಿದ್ದರೆ ಸುರುಳಿ ಒಳಗೆ ತುಂಡಾಗಿದೆ ಎಂದರ್ಥ. ಅಂಕಿ ತೋರಿಸಿದರೆ ಸುರುಳಿ ಮಟ್ಟಿಗೆ ಅದು ಜೀವಂತವಿದೆ, ಬದಲಿಸುವ ಮುನ್ನ ಎರಡು ಬಾರಿ ಯೋಚಿಸಬೇಕು. ನನ್ನ ಹಳೆಯ ವಾಲ್ವನ್ನು ನಾನು ಹಟದಿಂದ ಇಟ್ಟುಕೊಂಡಿದ್ದೆ. ನೆರೆಮನೆಯ ಐಟಿಐ ವಿದ್ಯಾರ್ಥಿ ಅದನ್ನು ಅಳೆದು, ಏನೂ ಆಗಿಲ್ಲವೆಂದು ತೋರಿಸಿದಾಗ 1,800 ರೂಪಾಯಿಗಿಂತ ಹೆಚ್ಚಾಗಿ, ಒಂದು ಒಳ್ಳೆಯ ಭಾಗ ಕಸಕ್ಕೆ ಹೋಗುತ್ತಿತ್ತಲ್ಲ ಎಂದು ಬಹಳ ನೋವಾಯಿತು. ಅನಿಲ, ಕಂಪ್ರೆಸರ್, ಒಳಗಿನ ಬೋರ್ಡುಗಳ ಕೆಲಸವನ್ನು ಮಾತ್ರ ಮನೆಯಲ್ಲಿ ಯಾರೂ ಮುಟ್ಟಬಾರದು, ಅದಕ್ಕೆ ಕಲಿತವರೇ ಬೇಕು.

ಮಾರಾಟಗಾರರ ಹೊಣೆಯ ಬಗ್ಗೆಯೂ ಹೇಳಲೇಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸರಕಿನ ಗುಣಮಟ್ಟ, ಪ್ರಮಾಣ, ದರ ಮುಂತಾದವುಗಳ ಬಗ್ಗೆ ತಿಳಿಯುವ ಹಕ್ಕನ್ನು ಗ್ರಾಹಕರಿಗೆ ಕೊಟ್ಟಿದೆ. ಅಗತ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದನ್ನು ಸೇವಾ ನ್ಯೂನತೆಯೆಂದು ಪರಿಗಣಿಸುತ್ತದೆ. ಲಕ್ಷ ರೂಪಾಯಿಯ ಹತ್ತಿರದ ಫ್ರಿಜ್ಜನ್ನು ಮಾರುವಾಗ "ನಿಮ್ಮ ಮನೆಯ ಟ್ಯಾಂಕಿ ಎಷ್ಟು ಎತ್ತರದಲ್ಲಿದೆ" ಎಂಬ ಒಂದು ಪ್ರಶ್ನೆ ಕೇಳುವುದು ಅಂಗಡಿಯವರಿಗೆ ಭಾರವಾಗಬಾರದು. ಕನಿಷ್ಠ ಒತ್ತಡವನ್ನು ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಮುದ್ರಿಸಲಿ. ಜೋಡಿಸಲು ಬಂದವರು ಗೇಜಿನಿಂದ ಅಳೆದ ಅಂಕಿಯನ್ನು ವಾರಂಟಿ ಕಾರ್ಡಿನಲ್ಲಿ ಬರೆದು ಸಹಿ ಹಾಕಲಿ. ಸಾಲದಿದ್ದರೆ ಪಂಪು ಬೇಕೆಂದು ಅಂದೇ ಹೇಳಲಿ. ಬದಲಿಸಿದ ಹಳೆಯ ಭಾಗವನ್ನು ಗ್ರಾಹಕರ ಕೈಗೆ ಕೊಟ್ಟೇ ಹೋಗುವ ಪದ್ಧತಿಯೂ ಬರಲಿ.

ಹೀಗೆ ನಷ್ಟಕ್ಕೊಳಗಾದವರು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಹೊಸ ಕಾಯ್ದೆಯಂತೆ ಕಂಪನಿಯ ಕಚೇರಿ ಯಾವ ರಾಜ್ಯದಲ್ಲಿದ್ದರೂ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಹಾವೇರಿಯವರು ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಸರಕಿಗೆ ಕೊಟ್ಟ ಬೆಲೆ ಐದು ಲಕ್ಷ ರೂಪಾಯಿವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು ಮತ್ತು ಬಿಲ್ಲು, ವಾರಂಟಿ ಕಾರ್ಡು, ಮೆಕ್ಯಾನಿಕ್ ಬರೆದುಕೊಟ್ಟ ಚೀಟಿಗಳನ್ನು ಜೋಪಾನವಾಗಿ ಇಟ್ಟಿರಬೇಕು. ನನ್ನ ಬಳಿ ಬಿಲ್ಲಿತ್ತು, ವಾಲ್ವ್ ಬದಲಿಸಿದ್ದಕ್ಕೆ ಮಾತ್ರ ಚೀಟಿ ಕೇಳಿರಲಿಲ್ಲ. ಆದ್ದರಿಂದ ಆ ಹಣವನ್ನು ನಾನು ಕೇಳುವ ಸ್ಥಿತಿಯಲ್ಲಿಲ್ಲ, ಓದುಗರು ಕೇಳಿ ಬರೆಸಿಕೊಳ್ಳಲಿ.

ಪಂಪು ಹಾಕಿಸಿ ಈಗ ಹನ್ನೊಂದು ತಿಂಗಳಾಯಿತು. ಹಳೆಯ ವಾಲ್ವನ್ನೇ ಮತ್ತೆ ಕೂಡಿಸಿದ್ದೇವೆ, ಐಸ್ ತುಂಬು ಗಾತ್ರದಲ್ಲಿ ಬೀಳುತ್ತಿದೆ. ನಮ್ಮ ಓಣಿಯ ಇನ್ನೂ ಮೂರು ಮನೆಗಳಲ್ಲಿ ಬಕೆಟ್ಟು ಹಿಡಿದು ಅಳೆದು ನೋಡಿದೆವು. ಎರಡರಲ್ಲಿ ಒತ್ತಡದ್ದೇ ಕೊರತೆಯಿತ್ತು, ಒಂದರಲ್ಲಿ ಮಾತ್ರ ನಿಜವಾಗಿಯೂ ಮೋಟರು ಸುಟ್ಟಿತ್ತು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ಸಪ್ತಾಪುರ, ಧಾರವಾಡ